ನರ್ಸರಿಯ ಫಲಕಕ್ಕೆ ಯಾವ ವೈಜ್ಞಾನಿಕ ಹೆಸರು ಬರೆಯಬೇಕು?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದೊಂದು ಔಷಧಿ ಗಿಡಗಳ ನರ್ಸರಿ ಇದೆ. ಎಲ್ಲ ಗಿಡಗಳಿಗೂ ಹೊಸ ಫಲಕ ಮಾಡಿಸಲು ಹೊರಟಾಗ ತಲೆ ಕೆಟ್ಟುಹೋಯಿತು. ದೊಡ್ಡಪತ್ರೆಗೆ ಹಳೆಯ ಪುಸ್ತಕದಲ್ಲಿ ಕೋಲಿಯಸ್ ಎಂದಿದೆ, ಆಮೇಲಿನದರಲ್ಲಿ ಪ್ಲೆಕ್ಟ್ರಾಂಥಸ್, ಈಗ ಅಂತರ್ಜಾಲದಲ್ಲಿ ನೋಡಿದರೆ ಮತ್ತೆ ಕೋಲಿಯಸ್. ಕರಿಜಾಲಿ ಅಕೇಶಿಯಾ ಅಲ್ಲ, ಬಳ್ಳಾರಿ ಜಾಲಿ ಪ್ರೊಸೋಪಿಸ್ ಅಲ್ಲ ಅಂತಲೂ ಹೇಳುತ್ತಾರೆ. ಹೀಗೆ ಬದಲಾಗುತ್ತಲೇ ಇರುವ ಹೆಸರಿಗೆ ಏನು ಬೆಲೆ? ಕನ್ನಡದ ಹೆಸರೊಂದೇ ಬರೆದರೆ ಸಾಲದೇ? ಆದರೆ ಕಳೆದ ತಿಂಗಳು ಬ್ರಾಹ್ಮಿ ಕೇಳಿದವರಿಗೆ ಒಂದೆಲಗ ಕಳಿಸಿದೆವು. ಅವರು ಅಷ್ಟೂ ಸಸಿಗಳನ್ನು ವಾಪಸ್ ಮಾಡಿದರು. ಇನ್ನೊಂದು ವಿಷಯ: ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ, ನೀರು ಜಿನುಗುವ ಬಂಡೆಯ ಮೇಲೆ, ಮಳೆಗಾಲದಲ್ಲಿ ಗೌರಿಹೂವಿನಂಥ ಪುಟ್ಟ ಗಿಡ ಬರುತ್ತದೆ. ಮೊಬೈಲ್ ಆಪ್ ಒಂದೊಂದು ಫೋಟೊಗೆ ಒಂದೊಂದು ಹೆಸರು ಹೇಳುತ್ತಿದೆ. ಹೊಸ ಪ್ರಭೇದ ಇರಬಹುದೇ? ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ? ಹೊಸದೇ ಆಗಿದ್ದರೆ ನಮ್ಮ ಅಜ್ಜಿಯ ಹೆಸರಿಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಹೆಸರು ಬದಲಾದರೆ ನಾವು ಮಾರುತ್ತಿರುವ ಗಿಡವೂ ಬೇರೆಯಾಯಿತೇ ಎನ್ನುವುದು ಒಂದು. ಬಂಡೆಯ ಮೇಲಿನ ಆ ಗಿಡ ಯಾವುದೆಂದು ಯಾರು, ಹೇಗೆ ತೀರ್ಮಾನಿಸುತ್ತಾರೆ ಎನ್ನುವುದು ಇನ್ನೊಂದು. ಎರಡಕ್ಕೂ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದೇ. ಹೆಸರಿಡುವುದಕ್ಕೆ ಕಾನೂನಿನಂಥ ನಿಯಮಗಳಿವೆ. ಯಾವ ಗಿಡ ಯಾವ ಗುಂಪಿಗೆ ಸೇರುತ್ತದೆ ಎನ್ನುವುದಕ್ಕೆ ಅಂಥ ಕಾನೂನಿಲ್ಲ. ಅದು ಪುರಾವೆಯ ಮೇಲೆ ನಿಂತ ತಜ್ಞರ ಅಭಿಪ್ರಾಯ. ಪುರಾವೆ ಹೆಚ್ಚಾದಂತೆ ಅಭಿಪ್ರಾಯ ಬದಲಾಗುತ್ತದೆ, ಅಭಿಪ್ರಾಯ ಬದಲಾದಾಗ ನಿಯಮದ ಪ್ರಕಾರ ಹೆಸರೂ ಬದಲಾಗಬೇಕಾಗುತ್ತದೆ. ಗಿಡ ಇದ್ದಲ್ಲೇ ಇರುತ್ತದೆ.

ವೈಜ್ಞಾನಿಕ ಹೆಸರಿನ ಮೊದಲ ಪದ ಜಾತಿಯದು, ಎರಡನೆಯದು ಆ ಜಾತಿಯೊಳಗಿನ ಪ್ರಭೇದವನ್ನು ಗುರುತಿಸುವುದು. ಗಿಡಗಳ ಹೆಸರಿಗೆ ಲೆಕ್ಕ ಶುರುವಾಗುವುದು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ತನ್ನ ಸಸ್ಯಗ್ರಂಥ ಪ್ರಕಟಿಸಿದ 1753ರಿಂದ, ಪ್ರಾಣಿಗಳಿಗೆ 1758ರಿಂದ. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಮಾನ್ಯತೆ ಇಲ್ಲ. ಒಂದೇ ಗಿಡಕ್ಕೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದದ್ದು ಗೆಲ್ಲುತ್ತದೆ. ಹೆಚ್ಚಿನವರಿಗೆ ಗೊತ್ತಿರುವುದು ಇಷ್ಟು.

ಗೊತ್ತಿಲ್ಲದಿರುವುದು, ಎಲ್ಲದಕ್ಕಿಂತ ಮುಖ್ಯವಾದದ್ದು, ಮೂಲಮಾದರಿಯ ನಿಯಮ. ಪ್ರತಿಯೊಂದು ಪ್ರಭೇದದ ಹೆಸರೂ ಯಾವುದೋ ಒಂದು ಹರ್ಬೇರಿಯಂನಲ್ಲಿರುವ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿರುವ, ಒಂದು ಒಣಗಿದ ಮಾದರಿಗೆ (ಹಳೆಯ ಹೆಸರಾದರೆ ಕೆಲವೊಮ್ಮೆ ಒಂದು ಚಿತ್ರಕ್ಕೆ) ಕಟ್ಟಲ್ಪಟ್ಟಿರುತ್ತದೆ; ಅದೇ ಮೂಲಮಾದರಿ. ಜಾತಿಯ ಹೆಸರು ಒಂದು ಪ್ರಭೇದಕ್ಕೆ ಕಟ್ಟಲ್ಪಟ್ಟಿರುತ್ತದೆ. ಗುಂಪಿನ ಎಲ್ಲೆಯನ್ನು ತಜ್ಞರು ಹಿಗ್ಗಿಸಲಿ, ಕುಗ್ಗಿಸಲಿ, ಮೂರು ಪಾಲು ಮಾಡಲಿ, ಹಳೆಯ ಹೆಸರು ಹೋಗುವುದು ಮೂಲಮಾದರಿ ಯಾವ ಪಾಲಿನಲ್ಲಿದೆಯೋ ಆ ಕಡೆಗೆ. ಕುಟುಂಬ ಹಿಸ್ಸೆಯಾದಾಗ ಮನೆತನದ ಹೆಸರು ಮೂಲಮನೆ ಸಿಕ್ಕವರ ಪಾಲಿಗೆ ಉಳಿಯುವ ಹಾಗೆ.

ನಿಮ್ಮ ದೊಡ್ಡಪತ್ರೆಯನ್ನೇ ನೋಡಿ. 1790ರಲ್ಲಿ ಲೊರೇರೊ ಎಂಬ ಪೋರ್ಚುಗೀಸ್ ಪಾದ್ರಿ ಕೋಲಿಯಸ್ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದ್ದೇ ಈ ಗಿಡದ ಆಧಾರದ ಮೇಲೆ: ಕೋಲಿಯಸ್ ಆಂಬೊಯ್ನಿಕಸ್. 1825ರಲ್ಲಿ ಸ್ಪ್ರೆಂಗೆಲ್ ಎಂಬ ಸಸ್ಯವಿಜ್ಞಾನಿ ಇದನ್ನು ಪ್ಲೆಕ್ಟ್ರಾಂಥಸ್ ಜಾತಿಗೆ ಸೇರಿಸಿದರು. ಹೂವಿನ ಕೇಸರಗಳ ಬುಡ ಕೂಡಿಕೊಂಡಿದೆಯೋ ಬಿಡಿಯಾಗಿದೆಯೋ ಎಂಬುದೇ ಎರಡು ಜಾತಿಗಳ ನಡುವಿನ ಮುಖ್ಯ ಗುರುತಾಗಿತ್ತು. ಅದು ನಂಬಲರ್ಹವಲ್ಲ ಅನಿಸಿದ್ದರಿಂದ ಇಪ್ಪತ್ತನೆಯ ಶತಮಾನದ ದ್ವಿತೀಯಾರ್ಧದಲ್ಲಿ ಹೆಚ್ಚಿನವರು ಎರಡನ್ನೂ ಒಂದೇ ಎಂದು ಪರಿಗಣಿಸಿದರು. ಎರಡು ಜಾತಿ ಕೂಡಿದಾಗ ಹಳೆಯ ಹೆಸರು ಉಳಿಯಬೇಕು. ಪ್ಲೆಕ್ಟ್ರಾಂಥಸ್ 1788ರದ್ದು, ಎರಡು ವರ್ಷ ಹಿರಿಯದು. ಆದ್ದರಿಂದ ನಿಮ್ಮ ಎರಡನೆಯ ಪುಸ್ತಕದಲ್ಲಿ ಪ್ಲೆಕ್ಟ್ರಾಂಥಸ್. ಆಮೇಲೆ ಡಿಎನ್‌ಎ ಆಧಾರಿತ ವಂಶವೃಕ್ಷಗಳು ಬಂದು, ಇವೆರಡೂ ಬೇರೆ ಬೇರೆ ಕವಲುಗಳೆಂದು ತೋರಿಸಿದವು. 2019ರಲ್ಲಿ ಕೋಲಿಯಸ್ ಜಾತಿಯನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತು. ಕೋಲಿಯಸ್ ಎಂಬ ಜಾತಿ ಇದೆ ಎಂದು ಒಪ್ಪಿದ ಕ್ಷಣವೇ ದೊಡ್ಡಪತ್ರೆ ಅದರೊಳಗೆ ಇರಲೇಬೇಕು, ಏಕೆಂದರೆ ಆ ಹೆಸರು ಕಟ್ಟಲ್ಪಟ್ಟಿರುವುದೇ ಅದಕ್ಕೆ. ಈ ಇನ್ನೂರ ಮೂವತ್ತು ವರ್ಷಗಳಲ್ಲಿ ಆಂಬೊಯ್ನಿಕಸ್ ಎಂಬ ಎರಡನೆಯ ಪದ ಕದಲಿಲ್ಲ ಎನ್ನುವುದನ್ನು ಗಮನಿಸಿ.

ಬನ್ನಿ ಮತ್ತು ಬಳ್ಳಾರಿ ಜಾಲಿಯ ಸಂಗತಿ ಇನ್ನೂ ಸ್ವಾರಸ್ಯದ್ದು. ಎರಡೂ ಪ್ರೊಸೋಪಿಸ್ ಎನಿಸಿಕೊಂಡಿದ್ದವು. ಒಂದು ನಮ್ಮ ನೆಲದ್ದು, ಇನ್ನೊಂದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ತಂದು ಬಿಟ್ಟದ್ದು. 2022ರಲ್ಲಿ ಈ ದೊಡ್ಡ ಜಾತಿಯನ್ನು ಒಡೆದಾಗ ಯಾರಿಗೆ ಹಳೆಯ ಹೆಸರು? ಲಿನೇಯಸ್ 1767ರಲ್ಲಿ ಪ್ರೊಸೋಪಿಸ್ ಎಂಬ ಜಾತಿಯನ್ನು ಸ್ಥಾಪಿಸಿದ್ದು ಭಾರತದ ಬನ್ನಿ ಮರದ ಮೇಲೆ. ಹಾಗಾಗಿ ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು. ಬಳ್ಳಾರಿ ಜಾಲಿ ಹೊರನಡೆದು, 1838ರಲ್ಲಿ ರಾಫಿನೆಸ್ಕ್ ಎಂಬ ಸಸ್ಯವಿಜ್ಞಾನಿ ಸೃಷ್ಟಿಸಿ ಎಲ್ಲರೂ ಮರೆತಿದ್ದ ಹೆಸರಿಗೆ ಮರಳಿ ನೆಲ್ಟುಮಾ ಜೂಲಿಫ್ಲೋರಾ ಆಯಿತು. ಬನ್ನಿಗೆ ಹಳೆಯ ಪುಸ್ತಕಗಳಲ್ಲಿ ಪ್ರೊಸೋಪಿಸ್ ಸ್ಪಿಸಿಜೆರಾ ಎಂದಿರುತ್ತದೆ, ಈಗ ಪ್ರೊಸೋಪಿಸ್ ಸಿನೆರೇರಿಯಾ. ಇದಕ್ಕೆ ಕಾರಣ ಬೇರೆ. ಲಿನೇಯಸ್ ಅದೇ ಮರಕ್ಕೆ 1759ರಲ್ಲಿಯೇ ಮಿಮೋಸಾ ಸಿನೆರೇರಿಯಾ ಎಂದು ಹೆಸರಿಟ್ಟಿದ್ದು ತಡವಾಗಿ ಗಮನಕ್ಕೆ ಬಂತು, ಹಿರಿಯ ಪದ ಗೆದ್ದಿತು.

ಕರಿಜಾಲಿಯ ಕಥೆಯಲ್ಲಿ ಮಾತ್ರ ನಿಯಮಕ್ಕೆ ವಿನಾಯಿತಿ ಕೊಡಲಾಯಿತು, ಅದಕ್ಕೇ ಅಷ್ಟು ಜಗಳವಾದದ್ದು. ಅಕೇಶಿಯಾ ಎಂಬ ಹೆಸರು ಕಟ್ಟಲ್ಪಟ್ಟಿದ್ದದ್ದು ಆಫ್ರಿಕಾ ಮತ್ತು ಭಾರತದಲ್ಲಿ ಬೆಳೆಯುವ ಕರಿಜಾಲಿಗೇ. ಆದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳ ಆ ಜಾತಿಯನ್ನು ಒಡೆದು ನೋಡಿದಾಗ ಅವುಗಳಲ್ಲಿ ಸಾವಿರದಷ್ಟು ಆಸ್ಟ್ರೇಲಿಯಾದ ಕಡೆಯವು. ನಿಯಮ ಪಾಲಿಸಿದರೆ ಆ ಸಾವಿರಕ್ಕೂ ಹೊಸ ಹೆಸರು ಕೊಡಬೇಕು. 2005ರ ವಿಯೆನ್ನಾ ಸಸ್ಯವಿಜ್ಞಾನ ಕಾಂಗ್ರೆಸ್‌ನಲ್ಲಿ ಅಕೇಶಿಯಾದ ಆಧಾರವನ್ನು ಒಂದು ಆಸ್ಟ್ರೇಲಿಯಾದ ಪ್ರಭೇದಕ್ಕೆ ವರ್ಗಾಯಿಸುವ ಶಿಫಾರಸು ಬಂತು. ಅರ್ಧಕ್ಕಿಂತ ಹೆಚ್ಚು ಮತ ವಿರುದ್ಧವೇ ಬಿದ್ದವು, ಆದರೆ ಶಿಫಾರಸನ್ನು ತಳ್ಳಿಹಾಕಲು ಶೇ 60 ಬೇಕಿತ್ತು, ಅಷ್ಟಾಗಲಿಲ್ಲ. 2011ರ ಮೆಲ್ಬರ್ನ್ ಕಾಂಗ್ರೆಸ್ ಅದನ್ನು ಎತ್ತಿಹಿಡಿಯಿತು. ಪರಿಣಾಮ: ನಮ್ಮ ಕರಿಜಾಲಿ ವ್ಯಾಚೆಲಿಯಾ ನೈಲೋಟಿಕಾ ಆಯಿತು, ಕಾಚಿನ ಮರ ಸೆನೆಗಾಲಿಯಾ ಕಟೆಚು ಆಯಿತು. ಮಲೆನಾಡಿನ ಗುಡ್ಡಗಳಲ್ಲಿ ಅರಣ್ಯ ಇಲಾಖೆ ನೆಟ್ಟ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಮಾತ್ರ ಅಕೇಶಿಯಾ ಆಗಿಯೇ ಉಳಿಯಿತು. ಸಾವಿರ ಹೆಸರುಗಳ ಗೊಂದಲ ತಪ್ಪಿತು ಎಂಬ ವಾದದಲ್ಲಿ ಹುರುಳಿದೆ. ಆದರೂ ಹೆಸರಿನ ನಿಜವಾದ ಹಕ್ಕುದಾರ ಮರ ಅದನ್ನು ಕಳೆದುಕೊಂಡಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಹಾಗಿದ್ದರೂ ಫಲಕದ ಮೇಲೆ ವ್ಯಾಚೆಲಿಯಾ ಎಂದೇ ಬರೆಯಬೇಕು, ತೀರ್ಮಾನ ಆಗಿದೆ.

ಪ್ರಾಣಿಗಳಿಗೆ ಪ್ರತ್ಯೇಕ ನಿಯಮಸಂಹಿತೆ ಇದೆ. ಮೂಲಮಾದರಿಯ ತತ್ತ್ವ ಅಲ್ಲೂ ಇದೇ. ಕಾಳಿಂಗ ಸರ್ಪಕ್ಕೆ ಹನ್ನಾ ಎಂಬ ಪ್ರಭೇದನಾಮ ಬಂದದ್ದು 1836ರಲ್ಲಿ, ಬಂಗಾಳದ ಸುಂದರಬನ ಮತ್ತು ಕೋಲ್ಕತ್ತದ ಆಸುಪಾಸಿನ ಹಾವುಗಳ ಮೇಲೆ. 2024ರಲ್ಲಿ ಡಿಎನ್‌ಎ ಮತ್ತು ಮೈಮೇಲಿನ ಪಟ್ಟೆಗಳಂಥ ಲಕ್ಷಣಗಳನ್ನು ಜೊತೆಗಿಟ್ಟು ನೋಡಿ ಅದನ್ನು ನಾಲ್ಕು ಪ್ರಭೇದಗಳಾಗಿ ಬಿಡಿಸಿದಾಗ ಹನ್ನಾ ಎಂಬುದು ಬಂಗಾಳವನ್ನು ಒಳಗೊಂಡ ಪಾಲಿಗೆ ಹೋಯಿತು. ಪಶ್ಚಿಮ ಘಟ್ಟದ ಹಾವಿಗೆ ಹೊಸ ಹೆಸರು ಬೇಕಾಯಿತು. ಅದೀಗ ಒಫಿಯೊಫೇಗಸ್ ಕಾಳಿಂಗ.

ಈಗ ನಿಮ್ಮ ನರ್ಸರಿಗೆ ಬರೋಣ. ಹೆಸರು ಬದಲಾಗುವುದಕ್ಕೆ ಮೂರು ಕಾರಣಗಳಿವೆ, ಮೂರರಲ್ಲಿ ಎರಡು ನಿಮಗೆ ನಿರುಪದ್ರವಿ. ಹಿರಿಯ ಹೆಸರು ಸಿಕ್ಕಿ ಬದಲಾಗಿದ್ದರೆ ಫಲಕ ತಿದ್ದಿದರೆ ಮುಗಿಯಿತು. ಉಪ್ಪಾಗೆಯ ಗಾರ್ಸಿನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನ ಜಾಗಕ್ಕೆ ಗಾರ್ಸಿನಿಯಾ ಗಮ್ಮಿ-ಗುಟ್ಟ ಬಂದದ್ದು ಹೀಗೆ. ವ್ಯಾಪಾರದವರು ಮಾತ್ರ ಇನ್ನೂ ಕ್ಯಾಂಬೋಜಿಯಾ ಎಂದೇ ಕೇಳುತ್ತಾರೆ. ವರ್ಗೀಕರಣ ಬದಲಾಗಿ ಹೆಸರೋ ಕುಟುಂಬವೋ ಬದಲಾಗಿದ್ದರೂ ಅಷ್ಟೇ. ದೊಡ್ಡಪತ್ರೆಯ ಗುಣ, ಬೇಸಾಯ, ಬಳಕೆ ಯಾವುದೂ ಬದಲಾಗುವುದಿಲ್ಲ.

ನೀವು ನಿಜವಾಗಿ ಚಿಂತಿಸಬೇಕಾದದ್ದು ಮೂರನೆಯದರ ಬಗ್ಗೆ: ಹೆಸರು ಸರಿ ಇದ್ದು, ಅದನ್ನು ಅಂಟಿಸಿದ ಗಿಡವೇ ಬೇರೆ ಆಗಿರುವುದು. ಸೀತಾ ಅಶೋಕವನ್ನು ಬಹುಕಾಲ ಸರಾಕಾ ಇಂಡಿಕಾ ಎಂದು ಬರೆದರು. ಆ ಹೆಸರಿನ ಮೂಲ ಆಗ್ನೇಯ ಏಷ್ಯಾದ ಬೇರೊಂದು ಮರ. ನಮ್ಮದು ಸರಾಕಾ ಅಸೋಕಾ. ಇನ್ನು ಪೇಟೆಯ ಕಾಂಪೌಂಡುಗಳ ಉದ್ದಕ್ಕೆ ಕಂಬದ ಹಾಗೆ ನಿಲ್ಲುವ, ಜನ ಅಶೋಕ ಎಂದೇ ಕರೆಯುವ ಮರ ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಅದರ ಹೆಸರು ಹಿಂದೆ ಪಾಲಿಯಾಲ್ಥಿಯಾ ಲಾಂಗಿಫೋಲಿಯಾ, 2012ರಿಂದ ಮೊನೂನ್ ಲಾಂಗಿಫೋಲಿಯಂ. ಅಶೋಕದ ತೊಗಟೆಗೆ ಇದರ ತೊಗಟೆ ಬೆರೆಸುವುದು ಔಷಧಿ ವ್ಯಾಪಾರದಲ್ಲಿ ಹಳೆಯ ರೋಗ. ಹೂಬಿಡದ ಸಣ್ಣ ಸಸಿಯಲ್ಲಿಯೂ ಇವನ್ನು ಬೇರ್ಪಡಿಸಬಹುದು: ಸರಾಕಾದ್ದು ಸಂಯುಕ್ತ ಎಲೆ, ಒಂದೇ ದಂಟಿಗೆ ಜೋಡಿ ಜೋಡಿಯಾಗಿ ಕಿರುಎಲೆಗಳು; ಮೊನೂನ್‌ದ್ದು ಬಿಡಿ ಎಲೆ, ಅಂಚು ಅಲೆ ಅಲೆ.

ಕನ್ನಡದ ಹೆಸರೊಂದೇ ಸಾಲದು ಎನ್ನುವುದಕ್ಕೆ ನಿಮ್ಮ ಬ್ರಾಹ್ಮಿ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅದರಲ್ಲಿ ನಿಮ್ಮ ತಪ್ಪೂ ಇಲ್ಲ, ಖರೀದಿದಾರರ ತಪ್ಪೂ ಇಲ್ಲ. ನಾವು ತಂಬುಳಿ ಮಾಡುವ ಒಂದೆಲಗವನ್ನು ನಮ್ಮಲ್ಲಿ ಬ್ರಾಹ್ಮಿ ಎನ್ನುವವರು ಬಹಳ. ಅದು ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿಯ ಕುಟುಂಬದ್ದು. ಉದ್ದ ತೊಟ್ಟಿನ, ಮೂತ್ರಪಿಂಡದ ಆಕಾರದ ಎಲೆ. ಹೂವು ಎಲೆಯ ಅಡಿಯಲ್ಲಿ ಅಡಗಿರುವ ಕೆಂಪು ಛಾಯೆಯ ಚುಕ್ಕಿಗಳ ಗೊಂಚಲು. ಔಷಧಿ ಕಂಪನಿಗಳು ಬ್ರಾಹ್ಮಿ ಎಂದು ಸಾಮಾನ್ಯವಾಗಿ ಕೇಳುವುದು ಬಕೋಪಾ ಮೊನ್ನಿಯೇರಿ, ಅಂದರೆ ನೀರುಬ್ರಾಹ್ಮಿ. ಅದರ ಎಲೆ ಒಂದೆರಡು ಸೆಂಟಿಮೀಟರ್, ದಪ್ಪ, ತೊಟ್ಟಿಲ್ಲ, ಎದುರುಬದುರು ಜೋಡಿ, ಬಿಳಿ ಅಥವಾ ತಿಳಿನೀಲಿ ಹೂವು ಎಲೆಯ ಸಂದಿನಲ್ಲಿ ಒಂಟಿಯಾಗಿ ಬರುತ್ತದೆ, ಅಗಿದರೆ ಕಹಿ. ಒಂದರಲ್ಲಿರುವ ಔಷಧೀಯ ಅಂಶ ಏಷಿಯಾಟಿಕೊಸೈಡ್, ಇನ್ನೊಂದರಲ್ಲಿ ಬಕೊಸೈಡ್, ಹಾಗಾಗಿ ಕಂಪನಿಯವರಿಗೆ ಒಂದರ ಬದಲು ಇನ್ನೊಂದು ನಡೆಯುವುದೇ ಇಲ್ಲ. ಶಂಖಪುಷ್ಪಿಯಲ್ಲಿಯೂ ಇದೇ ಅಪಾಯ ಇದೆ. ನಮ್ಮ ಬೇಲಿಯ ನೀಲಿ ಶಂಖಪುಷ್ಪ ಕ್ಲಿಟೋರಿಯಾ ಟರ್ನೇಟಿಯಾ, ವಿಷ್ಣುಕ್ರಾಂತಿ ಇವಾಲ್ವುಲಸ್ ಆಲ್ಸಿನಾಯ್ಡಿಸ್, ಉತ್ತರ ಭಾರತದ ವ್ಯಾಪಾರಿಗಳ ಶಂಖಪುಷ್ಪಿ ಕನ್ವಾಲ್ವುಲಸ್ ಪ್ರೊಸ್ಟ್ರೇಟಸ್. ಆರ್ಡರ್ ತೆಗೆದುಕೊಳ್ಳುವಾಗ ವೈಜ್ಞಾನಿಕ ಹೆಸರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಫಲಕಕ್ಕೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಕನ್ನಡದ ಹೆಸರು ಮಾತ್ರ ಬರೆಯುವುದು: ಸ್ಥಳೀಯ ಗ್ರಾಹಕರಿಗೆ ಸಾಕು, ಜಿಲ್ಲೆಯ ಗಡಿ ದಾಟಿದರೆ ಗೊಂದಲ. ಯಾವಾಗಲೂ ಇತ್ತೀಚಿನ ಹೆಸರು ಮಾತ್ರ ಬರೆಯುವುದು: ಸರಿಯೇ, ಆದರೆ ಹಳೆಯ ಹೆಸರು ಹಿಡಿದು ಹುಡುಕಿ ಬರುವ ವೈದ್ಯರಿಗೆ, ಹಳೆಯ ಪಟ್ಟಿ ಹಿಡಿದು ಬರುವ ಸರ್ಕಾರಿ ಯೋಜನೆಯವರಿಗೆ ಗಿಡ ಸಿಗುವುದಿಲ್ಲ. ಮೂರನೆಯದು, ನಾನು ಹೇಳುವುದು: ಒಂದೇ ಆಕರವನ್ನು ಆಯ್ದುಕೊಂಡು ಎಲ್ಲ ಗಿಡಗಳಿಗೂ ಅದನ್ನೇ ಅನುಸರಿಸಿ, ಹಿಂದಿನ ಹೆಸರನ್ನು ಕೆಳಗೆ ಬರೆಯುವುದು. ಆಕರಕ್ಕೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ಆಗಬಹುದು, ವರ್ಲ್ಡ್ ಫ್ಲೋರಾ ಆನ್‌ಲೈನ್ ಆಗಬಹುದು. ಎರಡನ್ನೂ ಬೆರೆಸಬೇಡಿ, ಕೆಲವು ಕಡೆ ಅವುಗಳ ಅಭಿಪ್ರಾಯ ಬೇರೆ ಬೇರೆ. ಐಪಿಎನ್‌ಐ ಎಂಬ ಸೂಚಿಯಲ್ಲಿ ಹೆಸರು ಸಿಕ್ಕಿತೆಂದು ಅದನ್ನು ಮಾನ್ಯ ಎಂದುಕೊಳ್ಳುವವರು ಬಹಳ ಜನ. ಆ ಸೂಚಿ ಪ್ರಕಟವಾದ ಹೆಸರುಗಳನ್ನು ದಾಖಲಿಸುತ್ತದೆ ಅಷ್ಟೇ, ಈಗ ಯಾವುದನ್ನು ಬಳಸಬೇಕೆಂದು ತೀರ್ಪು ಕೊಡುವುದಿಲ್ಲ.

ಫಲಕದ ಮೇಲಿನ ಸಾಲಿನಲ್ಲಿ ಕನ್ನಡದ ಹೆಸರು ದಪ್ಪ ಅಕ್ಷರದಲ್ಲಿ ಇರಲಿ. ಅದರ ಕೆಳಗೆ ವೈಜ್ಞಾನಿಕ ಹೆಸರು ರೋಮನ್ ಲಿಪಿಯಲ್ಲಿ, ಓರೆ ಅಕ್ಷರದಲ್ಲಿ. ಜಾತಿಯ ಮೊದಲ ಅಕ್ಷರ ದೊಡ್ಡದು, ಪ್ರಭೇದದ ಪದ ಪೂರ್ತಿ ಸಣ್ಣಕ್ಷರ. ಆಮೇಲೆ ಹೆಸರಿಟ್ಟವರ ಸಂಕ್ಷೇಪ, ಇದು ಓರೆಯಾಗಬಾರದು. ಈ ಸಂಕ್ಷೇಪವನ್ನು ಅಲಂಕಾರವೆಂದು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ, ಗಿಡದ ಚರಿತ್ರೆ ಇರುವುದು ಅದರಲ್ಲಿಯೇ. ಕರಿಜಾಲಿಗೆ (ಎಲ್.) ಎಂದು ಆವರಣದಲ್ಲಿದ್ದರೆ, ಲಿನೇಯಸ್ ಅದನ್ನು ಮೊದಲು ಬೇರೊಂದು ಜಾತಿಯಲ್ಲಿ ಇಟ್ಟಿದ್ದರು, ಅಲ್ಲಿ ಅದು ಮಿಮೋಸಾ ನೈಲೋಟಿಕಾ ಆಗಿತ್ತು ಎಂದರ್ಥ. ಆವರಣದ ಹೊರಗಿನ ಹೆಸರು ಈಗಿನ ಜಾತಿಗೆ ವರ್ಗಾಯಿಸಿದವರದು. ದೊಡ್ಡಪತ್ರೆಗೆ ಆವರಣವೇ ಇಲ್ಲ, ಲೊರೇರೊ ಇಟ್ಟಲ್ಲಿಗೇ ಅದು ಮರಳಿದೆ. ಮೂರನೆಯ ಸಾಲಿನಲ್ಲಿ 'ಹಿಂದಿನ ಹೆಸರು' ಎಂದು ಒಂದೋ ಎರಡೋ ಹೆಸರು, ನಾಲ್ಕನೆಯದರಲ್ಲಿ ಕುಟುಂಬ ಮತ್ತು ನಿಮ್ಮ ತಾಯಿಗಿಡದ ಸಂಖ್ಯೆ. ಕಾಳುಮೆಣಸಿನ ಪಣಿಯೂರು-1ರಂತಹ ತಳಿಯ ಹೆಸರಾದರೆ ಅದನ್ನು ಓರೆ ಮಾಡದೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು.

ತಾಯಿಗಿಡದ ಸಂಖ್ಯೆ ಎಂದೆನಲ್ಲ, ನಿಮ್ಮ ಹಣ ಮತ್ತು ಸಮಯವನ್ನು ಫಲಕಕ್ಕಿಂತ ಮೊದಲು ಹಾಕಬೇಕಾದದ್ದು ಅಲ್ಲಿ. ಬೀಜಕ್ಕೋ ಕಡ್ಡಿಗೋ ಬಳಸುವ ಪ್ರತಿಯೊಂದು ತಾಯಿಗಿಡದಿಂದ ಒಂದು ಹರ್ಬೇರಿಯಂ ಮಾದರಿ ಮಾಡಿಸಿ, ಗುರುತು ಖಚಿತಪಡಿಸಿಕೊಂಡು, ಆ ಸಂಖ್ಯೆಯನ್ನು ಫಲಕಕ್ಕೂ ಬಿಲ್ಲಿಗೂ ಹಾಕಿ. ಮುಂದೆ ಹೆಸರು ಹತ್ತು ಸಲ ಬದಲಾದರೂ ನೀವು ಮಾರಿದ್ದು ಯಾವ ಗಿಡ ಎಂದು ತೋರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಯಲಹಂಕದ ಬಳಿಯ ಎಫ್‌ಆರ್‌ಎಲ್‌ಎಚ್‌ಟಿಯಲ್ಲಿ ಹರ್ಬೇರಿಯಂಗಳಿವೆ. ಎರಡನೆಯದು ಔಷಧಿ ಸಸ್ಯಗಳದ್ದೇ ಸಂಗ್ರಹ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರಗಳು ಪುಣೆ, ಕೊಯಮತ್ತೂರುಗಳಲ್ಲಿವೆ. ಕಳಿಸುವ ಮೊದಲು ಪತ್ರ ಬರೆದು ಕೇಳಿ.

ಹರ್ಬೇರಿಯಂಗೆ ಬರುವ ಮಾದರಿಗಳಲ್ಲಿ ಗುರುತಿಸಲಾಗದೆ ಉಳಿಯುವವು ಹೆಚ್ಚಾಗಿ ಒಂದೇ ದೋಷದವು: ಹೂವೂ ಇಲ್ಲ, ಕಾಯಿಯೂ ಇಲ್ಲ, ಬರೀ ಎಲೆ. 30ರಿಂದ 40 ಸೆಂಟಿಮೀಟರ್ ಉದ್ದದ, ಹೂವು ಕಾಯಿ ಎರಡೂ ಇರುವ ಕೊಂಬೆ ತೆಗೆಯಿರಿ. ಸಣ್ಣ ಗಿಡವಾದರೆ ಬೇರುಸಹಿತ. ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಒಂದೆರಡು ಎಲೆಗಳನ್ನು ಬೋರಲು ಮಾಡಿ, ಹಲಗೆಗಳ ನಡುವೆ ಬಿಗಿದು ಒತ್ತಿ. ಮೊದಲ ಮೂರು ದಿನ ದಿನಕ್ಕೆರಡು ಸಲ ಹಾಳೆ ಬದಲಿಸಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ಇದೊಂದನ್ನು ತಪ್ಪಿಸಿದರೆ ಎರಡೇ ದಿನಕ್ಕೆ ಬೂಷ್ಟು ಹಿಡಿದು ಎಲೆ ಕಪ್ಪಾಗಿ ಕಳಚಿಬೀಳುತ್ತದೆ; ಒಲೆಯ ಮೇಲಿನ ಅಟ್ಟದಲ್ಲಿ, 40-45 ಡಿಗ್ರಿ ಮೀರದ ಬಿಸಿಯಲ್ಲಿ ಇಟ್ಟರೆ ಉತ್ತಮ. ಒಣಗಿದ್ದನ್ನು 42×28 ಸೆಂಟಿಮೀಟರ್ ದಪ್ಪ ಹಾಳೆಗೆ ಹೊಲಿದು ಚೀಟಿ ಅಂಟಿಸಿ. ಒಣಗಿದಾಗ ಅಳಿಸಿಹೋಗುವ ಸಂಗತಿಗಳು ಚೀಟಿಯಲ್ಲಿರಬೇಕು: ಹೂವಿನ ಬಣ್ಣ, ವಾಸನೆ, ಹಾಲು ಬರುತ್ತದೆಯೇ, ಗಿಡದ ಎತ್ತರ, ಜೊತೆಗೆ ತಾರೀಖು, ಜಾಗ, ಸಮುದ್ರಮಟ್ಟದಿಂದ ಎತ್ತರ, ಊರಿನವರು ಕರೆಯುವ ಹೆಸರು. ಹುಳ ಹಿಡಿಯದಂತೆ ಪಾದರಸದ ಲವಣ ಸವರುವ ಹಳೆಯ ಪದ್ಧತಿಗೆ ಹೋಗಬೇಡಿ, ಅದು ವಿಷ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಸಾಕು.

ಇನ್ನು ಬಂಡೆಯ ಮೇಲಿನ ಗಿಡ. ನೀವು ವರ್ಣಿಸಿದ ಪ್ರಕಾರ ಅದು ಗೌರಿಹೂವಿನ ಇಂಪೇಶಿಯನ್ಸ್ ಜಾತಿಯದೇ ಇರಬೇಕು. ಪಶ್ಚಿಮ ಘಟ್ಟದಲ್ಲಿ ಈ ಜಾತಿಯ ನೂರರ ಆಸುಪಾಸು ಪ್ರಭೇದಗಳಿವೆ, ಬಹುಪಾಲು ಬೇರೆಲ್ಲೂ ಸಿಗದವು, ಕೆಲವು ಒಂದೆರಡು ಬೆಟ್ಟಗಳಿಗೇ ಸೀಮಿತ. ಹಾಗಾಗಿ ಹೊಸದು ಇರಲಾರದು ಎಂದು ತಳ್ಳಿಹಾಕುವಂತಿಲ್ಲ. ಆದರೆ ಆಪ್‌ಗೆ ಹೆಸರು ತಿಳಿಯಲಿಲ್ಲ ಎನ್ನುವುದು ಹೊಸ ಪ್ರಭೇದದ ಲಕ್ಷಣವಲ್ಲ. ಆಪ್ ಕಲಿತಿರುವುದು ಜನ ಹಾಕಿದ ಫೋಟೊಗಳಿಂದ. ಫೋಟೊ ಕಡಿಮೆ ಇರುವ ಪ್ರಭೇದ ಬಂದರೆ ನೋಡಲು ಹತ್ತಿರವಿರುವ ಸಾಮಾನ್ಯ ಪ್ರಭೇದದ ಹೆಸರು ಕೊಡುತ್ತದೆ. ಈ ಜಾತಿಯ ಪ್ರಭೇದಗಳನ್ನು ಬೇರ್ಪಡಿಸುವ ಲಕ್ಷಣಗಳು ಎದುರಿನಿಂದ ತೆಗೆದ ಫೋಟೊದಲ್ಲಿ ಕಾಣುವುದೂ ಇಲ್ಲ. ಹೂವಿನ ಹಿಂದಿನ ಬಾಲ ಎಷ್ಟು ಉದ್ದ, ನೇರವೋ ಬಾಗಿದೆಯೋ. ಪಕ್ಕದ ದಳಗಳ ಸೀಳು ಯಾವ ಆಕಾರ. ಕಾಯಿಯ ಮೇಲೆ ರೋಮ ಇದೆಯೇ. ಎಲೆಗಳು ಕಾಂಡದ ಮೇಲಿವೆಯೋ ಅಥವಾ ಗಡ್ಡೆಯಿಂದಲೇ ಎದ್ದು ಹೂದಂಟು ಪ್ರತ್ಯೇಕವಾಗಿ ನಿಂತಿದೆಯೋ. ಬಂಡೆಯ ಮೇಲೆ ಬೆಳೆಯುವವುಗಳಲ್ಲಿ ಈ ಕೊನೆಯದು ಬಹಳ ಮುಖ್ಯ.

ಇದನ್ನು ಸುಮ್ಮನೆ ಒತ್ತಿ ಒಣಗಿಸಿದರೆ ಪ್ರಯೋಜನವಿಲ್ಲ. ಕಾಂಡದಲ್ಲಿ ನೀರು ತುಂಬಿರುತ್ತದೆ, ದಳ ತೆಳು. ಎಲ್ಲವೂ ಒಂದಕ್ಕೊಂದು ಅಂಟಿ ಕಂದು ಕಲೆಯಾಗುತ್ತದೆ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ತಮ್ಮ ಕೊನೆಯ ವರ್ಷಗಳನ್ನು ಈ ಒಂದು ಜಾತಿಗೇ ಮೀಸಲಿಟ್ಟು, ಒಣಗಿದ ಹೂಗಳನ್ನು ನೆನೆಸಿ ಬಿಡಿಸಿ ಬಿಡಿಸಿ ನೋಡುತ್ತಿದ್ದುದು ಇದೇ ಕಾರಣಕ್ಕೆ. ತಾಜಾ ಹೂವನ್ನು ಅಲ್ಲಿಯೇ ಬಿಡಿಸಿ, ದಳ ಮತ್ತು ಬಾಲಗಳನ್ನು ತೆಳು ಟಿಶ್ಯೂ ಕಾಗದದ ಮೇಲೆ ಬೇರೆ ಬೇರೆಯಾಗಿ ಹರಡಿ ಒತ್ತಬೇಕು. ಇನ್ನೆರಡು ಪೂರ್ತಿ ಹೂಗಳನ್ನು ಸಣ್ಣ ಬಾಟಲಿಯಲ್ಲಿ ಶೇ 70ರ ಆಲ್ಕೊಹಾಲ್‌ನಲ್ಲಿ ಹಾಕಿಡಬೇಕು. ಬಣ್ಣ ಹೋಗುತ್ತದೆ, ಆಕಾರ ಉಳಿಯುತ್ತದೆ. ಬಣ್ಣಕ್ಕೆ ಫೋಟೊ: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಪ್ರತಿಯೊಂದರಲ್ಲೂ ಮಿಲಿಮೀಟರ್ ಅಳತೆಪಟ್ಟಿ ಇರಲಿ.

ಡಿಎನ್‌ಎ ಪರೀಕ್ಷೆಯನ್ನು ಈಗಲೇ ಮಾಡಿಸಬೇಡಿ. ಪ್ರಯೋಗಾಲಯ ನಿಮ್ಮ ಎಲೆಯ ಒಂದೆರಡು ಭಾಗಗಳನ್ನು, ಸಾಮಾನ್ಯವಾಗಿ ಆರ್‌ಬಿಸಿಎಲ್, ಮ್ಯಾಟ್‌ಕೆ, ಐಟಿಎಸ್ ಎಂಬವುಗಳನ್ನು ಓದಿ, ದತ್ತಕೋಶದಲ್ಲಿರುವುದರ ಜೊತೆ ಹೋಲಿಸುತ್ತದೆ. ದತ್ತಕೋಶದಲ್ಲಿ ನಿಮ್ಮ ಪ್ರಭೇದವೇ ಇಲ್ಲದಿದ್ದರೆ ಹತ್ತಿರದ್ದೊಂದರ ಹೆಸರು ಬರುತ್ತದೆ. ದತ್ತಕೋಶಕ್ಕೆ ಹಾಕಿದವರೇ ಗಿಡವನ್ನು ತಪ್ಪಾಗಿ ಗುರುತಿಸಿದ್ದರೆ ಆ ತಪ್ಪೇ ನಿಮಗೂ ಬರುತ್ತದೆ. ಮೊದಲ ಎರಡು ಭಾಗಗಳು ಹಸಿರುಕಣಗಳಲ್ಲಿರುವುದರಿಂದ ಹೆಚ್ಚಿನ ಗಿಡಗಳಲ್ಲಿ ತಾಯಿಯ ಕಡೆಯಿಂದ ಮಾತ್ರ ಬರುತ್ತವೆ, ಮಿಶ್ರತಳಿಯನ್ನು ಹಿಡಿಯಲಾರವು. ಇಷ್ಟು ಶೇಕಡಾ ವ್ಯತ್ಯಾಸ ಇದ್ದರೆ ಹೊಸ ಪ್ರಭೇದ ಎಂಬ ಗೆರೆ ಎಲ್ಲಿಯೂ ಇಲ್ಲ. ಆದರೆ ಮುಂದೆ ಬೇಕಾಗಬಹುದೆಂದು ಎಳೆಯ ಎಲೆಯ ತುಂಡೊಂದನ್ನು ಅದರ ಹತ್ತು ಪಟ್ಟು ತೂಕದ, ತೇವ ಹೀರುವ ಸಿಲಿಕಾ ಜೆಲ್ ಹರಳಿನೊಂದಿಗೆ ಜಿಪ್ ಚೀಲದಲ್ಲಿ ಹಾಕಿಡಿ, ಹರಳಿನ ಬಣ್ಣ ಬದಲಾದರೆ ಹೊಸ ಹರಳು ಹಾಕಿ. ಆಲ್ಕೊಹಾಲ್ ತಾಗಿದ ಎಲೆ ಈ ಕೆಲಸಕ್ಕೆ ಬಾರದು.

ಒಂದು ಎಚ್ಚರಿಕೆ. ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕಿನಂಥ ಹಕ್ಕುಗಳು, ನೆಲ ಅರಣ್ಯದ್ದು. ಅಲ್ಲಿಂದ ಅಧ್ಯಯನಕ್ಕೆ ಮಾದರಿ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಫೋಟೊ ಮತ್ತು ಅಳತೆಗಳನ್ನು ಮೊದಲು ತಜ್ಞರಿಗೆ ಕಳಿಸಿ. ಅವರಿಗೆ ಕುತೂಹಲ ಹುಟ್ಟಿದರೆ ಅನುಮತಿ ಪಡೆದು ಅವರೇ ಬರುತ್ತಾರೆ. ವಿದೇಶದ ಯಾರಾದರೂ ಎಲೆ ಕಳಿಸಿ ಎಂದು ಕೇಳಿದರೆ ಕಳಿಸಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು.

ಹೊಸ ಪ್ರಭೇದ ಎಂದು ಘೋಷಿಸುವ ಮೊದಲು ತಜ್ಞರು ಹತ್ತಿರದ ಎಲ್ಲ ಪ್ರಭೇದಗಳ ಮೂಲಮಾದರಿಗಳನ್ನು, ಇಲ್ಲವೇ ಅವುಗಳ ಸ್ಕ್ಯಾನ್ ಪ್ರತಿಗಳನ್ನು ನೋಡುತ್ತಾರೆ. ಕೆಲವು ಹಾಳೆಗಳು ಕ್ಯೂನಲ್ಲಿ, ಕೆಲವು ಕೋಲ್ಕತ್ತದಲ್ಲಿ ಇರುತ್ತವೆ. ಒಂದೇ ಗಿಡವಲ್ಲ, ಆ ಬಂಡೆಯ ಹಲವು ಗಿಡಗಳಲ್ಲಿ ವ್ಯತ್ಯಾಸ ಸ್ಥಿರವಾಗಿದೆಯೇ ಎಂದು ನೋಡುತ್ತಾರೆ, ಸಾಮಾನ್ಯವಾಗಿ ಇನ್ನೊಂದು ಮಳೆಗಾಲದವರೆಗೆ ಕಾಯುತ್ತಾರೆ. ಆಮೇಲೆ ಲ್ಯಾಟಿನ್ ಅಥವಾ ಇಂಗ್ಲಿಷ್‌ನಲ್ಲಿ ವಿವರಣೆ (2012ಕ್ಕೆ ಮುಂಚೆ ಲ್ಯಾಟಿನ್ ಕಡ್ಡಾಯವಾಗಿತ್ತು), ಮೂಲಮಾದರಿ ಯಾವುದು, ಯಾವ ಹರ್ಬೇರಿಯಂನಲ್ಲಿದೆ ಎಂಬ ನಮೂದು, ನಿಯತಕಾಲಿಕದಲ್ಲಿ ಪ್ರಕಟಣೆ. ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ ಹೊಸ ಪ್ರಭೇದ ಕಂಡುಹಿಡಿದವರು ಅದರ ಮಾದರಿಯನ್ನು ಅಧಿಕೃತ ಭಂಡಾರಕ್ಕೂ ಒಪ್ಪಿಸಬೇಕು.

ಅಜ್ಜಿಯ ಹೆಸರಿಡಬಹುದು, ನಿಯಮದ ಅಡ್ಡಿಯಿಲ್ಲ. ಸ್ತ್ರೀಯ ಹೆಸರಿಗೆ ಲ್ಯಾಟಿನ್‌ನಲ್ಲಿ ಅದಕ್ಕೆ ತಕ್ಕ ಪ್ರತ್ಯಯ ಸೇರುತ್ತದೆ. ಹೆಸರಿಡುವ ಹಕ್ಕು ಮಾತ್ರ ಗಿಡ ಮೊದಲು ಕಂಡವರದಲ್ಲ, ವಿವರಣೆ ಪ್ರಕಟಿಸುವವರದು. ಆದ್ದರಿಂದ ಶುರುವಿನಲ್ಲಿಯೇ ತಜ್ಞರೊಂದಿಗೆ ಮಾತಾಡಿಕೊಳ್ಳಿ. ಕೆಲಸದಲ್ಲಿ ನಿಜವಾದ ಪಾಲಿದ್ದರೆ ನೀವೂ ಸಹಲೇಖಕರಾಗಬಹುದು. ಘಟ್ಟದ ಪ್ರಭೇದಗಳಿಗೆ ಇಲ್ಲಿನ ಹೆಸರು ಸಿಗುವುದು ಈಗ ಅಪರೂಪವೇನಲ್ಲ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು, ಮಂಗಳೂರಿನ ಪುಟ್ಟ ಕಪ್ಪೆಯೊಂದಕ್ಕೆ 2018ರಲ್ಲಿ ಮೈಕ್ರೊಹೈಲಾ ಕೊಡಿಯಾಲ್ ಎಂದು ಹೆಸರಿಟ್ಟಿದ್ದಾರೆ.

ಪ್ರಕಟಣೆಗೆ ಮೊದಲು ನೀವು ಮನಸ್ಸಿನಲ್ಲಿಟ್ಟುಕೊಂಡ ಹೆಸರನ್ನು ಫೇಸ್‌ಬುಕ್‌ನಲ್ಲಾಗಲಿ ಪತ್ರಿಕೆಯಲ್ಲಾಗಲಿ ಹಾಕಬೇಡಿ. ವಿವರಣೆಯಿಲ್ಲದ ಅಂಥ ಹೆಸರಿಗೆ ಮಾನ್ಯತೆ ಇಲ್ಲ, ಆದರೂ ಅದು ಸುತ್ತಾಡಿಕೊಂಡು ಮುಂದೆ ಗೊಂದಲ ಮಾಡುತ್ತದೆ. ಅಲ್ಲಿಯವರೆಗೆ ನಿಮ್ಮ ದಾಖಲೆಯಲ್ಲಿ 'ಇಂಪೇಶಿಯನ್ಸ್ ಪ್ರಭೇದ, ಬಂಡೆ-1' ಎಂದಿದ್ದರೆ ಸಾಕು. ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಸಾರ್ವಜನಿಕವಾಗಿ ಕೊಡಬೇಡಿ. ಒಂದೇ ಬಂಡೆಯ ಮೇಲಿರುವ ಗಿಡವನ್ನು ನಾಲ್ಕು ಜನ ಕಿತ್ತುಕೊಂಡು ಹೋದರೆ ಮುಂದಿನ ಮಳೆಗಾಲಕ್ಕೆ ಬೀಜ ಉಳಿಯುವುದಿಲ್ಲ. ಈ ಸಲ ಹೂವಿಗೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ, ಕಾಯಿ ಬಲಿತ ಮೇಲೆ ಇನ್ನೊಮ್ಮೆ ಹೋಗಿ ತೆಗೆಯಿರಿ. ಗುರುತಿಸುವವರು ಮೊದಲು ಕೇಳುವುದು ಇವೆರಡನ್ನೇ.